ಕೆಂಪು ನೆಲಕ್ಕೆ ಸುಣ್ಣವೂ ಹುಲ್ಲೂ

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ನೆಯ ಇಸವಿಯಲ್ಲಿ, ಮೈಸೂರು, ಮಲಬಾರು, ಕನ್ನಡ ಸೀಮೆಗಳ ಸಂಚಾರಕ್ಕೆ ಹೊರಟ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬಾತನು ಮಲಬಾರಿನ ಅಂಗಾಡಿಪುರದಲ್ಲಿ ಒಂದು ವಿಚಿತ್ರವಾದ ಮಣ್ಣನ್ನು ಕಂಡನು. ನೆಲದೊಳಗಿರುವಾಗ ಅದು ಸುಲಭವಾಗಿ ಕೊಯ್ಯಬರುವುದು. ಗಾಳಿಗೆ ಒಡ್ಡಿದ ಬಳಿಕ ಕಲ್ಲಾಗುವುದು. 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಆತನು ಲ್ಯಾಟಿನ್ ಭಾಷೆಯ ಇಟ್ಟಿಗೆಯ ಮಾತಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮ್ಮವರ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಇದೆಯಷ್ಟೆ. ಪಂಡಿತನಿಗೂ ಕಲ್ಲು ಕೊಯ್ಯುವವನಿಗೂ ತೋರಿದ ಹೋಲಿಕೆ ಒಂದೇ.

ಈ ಕಲ್ಲಿನ ನಂಟುಳ್ಳ ಕೆಂಪುಮಣ್ಣು ಉಷ್ಣದೇಶಗಳಲ್ಲೆಲ್ಲ ಹರಡಿದೆ. ಬ್ರೆಜಿಲ್ ದೇಶದ ನಡುನಾಡಾದ ಸೆರ್ರಾಡೋ ಸುಮಾರು 20 ಕೋಟಿ ಹೆಕ್ಟೇರುಗಳಷ್ಟು ವಿಸ್ತಾರವಾದುದು. ಬಹುಕಾಲ ದನಗಳ ಮೇವಿಗಲ್ಲದೆ ಪೈರಿಗೆ ಒದಗದ ಬಯಲೆಂದು ಹೆಸರಾಗಿತ್ತು. ಅಲ್ಲಿಯ ಮಣ್ಣಿನ ಕಟ್ಟಡದಲ್ಲಿ ಕೊರತೆಯಿಲ್ಲ. ಕಬ್ಬಿಣ, ಅಲ್ಯುಮಿನಿಯಮ್ಮುಗಳ ಆಕ್ಸೈಡುಗಳು ಜೇಡಿಯ ಕಣಗಳನ್ನು ಬೆಸೆದು ರವೆಯಂತೆ ಮಾಡಿರುವುದರಿಂದ ಮಳೆಯ ನೀರು ಸಲೀಸಾಗಿ ಇಂಗುವುದು. ದೋಷವಿರುವುದು ಹುಳಿಯಲ್ಲಿ. ಹುಳಿಯ ದೆಸೆಯಿಂದ ಅಲ್ಯುಮಿನಿಯಮ್ಮು ಕರಗಿ ಬೇರುಗಳಿಗೆ ವಿಷವಾಗುವುದು. ರಂಜಕವಂತೂ ಮಣ್ಣಿಗೆ ಅಂಟಿಕೊಂಡು ಪೈರಿಗೆ ದೊರೆಯದು.

1950ರ ದಶಕದಲ್ಲಿ ಕಾಲಿನ್ ಮ್ಯಾಕ್‌ಕ್ಲಂಗ್ ಮತ್ತು ಸಂಗಡಿಗರು ಸುಣ್ಣ, ರಂಜಕಾದಿಗಳನ್ನು ಕೊಟ್ಟು ಈ ನೆಲದಲ್ಲಿ ಪೈರು ಬೆಳೆಯಬಹುದೆಂದು ತೋರಿಸಿದರು. 1973ರಲ್ಲಿ ಎಂಬ್ರಾಪಾ ಎಂಬ ಕೃಷಿಸಂಶೋಧನ ಸಂಸ್ಥೆಯೂ, 1975ರಲ್ಲಿ ಸೆರ್ರಾಡೋವಿಗೇ ಮೀಸಲಾದ ಅದರ ಕೇಂದ್ರವೂ ಹುಟ್ಟಿದುವು. ಆಗಿನ ಕೃಷಿಮಂತ್ರಿ ಪಾವೊಲಿನೆಲ್ಲಿ, ಆ ಕೇಂದ್ರದ ಎಡ್ಸನ್ ಲೊಬಾಟೊ, ಮ್ಯಾಕ್‌ಕ್ಲಂಗ್ ಈ ಮೂವರಿಗೆ 2006ರಲ್ಲಿ ವಿಶ್ವ ಆಹಾರ ಬಹುಮಾನವು ಸಂದಿತು.

ಇಷ್ಟರಿಂದಲೇ ಸುಣ್ಣವನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ತರವಲ್ಲ. ಹುಳಿಯು ಇಳಿದಂತೆ ಇಂಥ ಮಣ್ಣಿನ ಕಣಗಳ ಮೇಲೆ ಋಣವಿದ್ಯುತ್ತು ಹೆಚ್ಚುವುದು. ಅವುಗಳನ್ನು ಹಿಡಿದಿದ್ದ ಅಲ್ಯುಮಿನಿಯಮ್ಮೂ ನಿಷ್ಕ್ರಿಯವಾಗುವುದು. ಆಗ ಕಣಗಳು ಒಂದನ್ನೊಂದು ತಳ್ಳಿ, ಜೇಡಿಯು ನೀರಿನಲ್ಲಿ ಕದಡಿಹೋಗಬಹುದು. ಮದ್ದೇ ಕಟ್ಟಡವನ್ನು ಸಡಿಲಿಸಿದಂತಾಯಿತು! ಕಾಲಕ್ರಮದಲ್ಲಿ ಇದಕ್ಕೆ ಪರಿಹಾರವು ಒದಗುವುದು ಸುಣ್ಣದಿಂದ ಮಾತ್ರವಲ್ಲ, ಸುಣ್ಣದಿಂದ ಹುಲುಸಾದ ಪೈರಿನಿಂದ. ಬೇರುಗಳೂ ಶಿಲೀಂಧ್ರದ ಎಳೆಗಳೂ ಕಣಗಳನ್ನು ಹೆಣೆಯುವುವು. ಕೊಳೆತ ಹುಲ್ಲಿನ ಅಂಟು ಅವುಗಳನ್ನು ಹಿಡಿಯುವುದು. ಸುಣ್ಣದ ಕ್ಯಾಲ್ಸಿಯಮ್ಮು ಜೇಡಿಗೂ ಆ ಅಂಟಿಗೂ ನಡುವೆ ಸೇತುವೆಯಾಗುವುದು. ಆದಕಾರಣ ಕೂಳೆಯನ್ನು ಸುಟ್ಟು ಸುಣ್ಣವನ್ನು ಮಾತ್ರ ಎರಚುವವನು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಈ ಪಾಠವನ್ನು ಬ್ರೆಜಿಲಿಗೆ ಕಲಿಸಿದವರು ಒಕ್ಕಲಿಗರೇ. ದಕ್ಷಿಣದ ಪರಾನಾ ಪ್ರಾಂತದಲ್ಲಿ ಯಂತ್ರದ ನೇಗಿಲು ನೆಲವನ್ನು ಪುಡಿಮಾಡಿ, ಮಳೆಯು ಅದನ್ನು ಹೊಳೆಗೆ ಸಾಗಿಸುತ್ತಿತ್ತು. ರೊಲಾಂಡಿಯಾ ಎಂಬ ಊರಿನ ಹರ್ಬರ್ಟ್ ಬಾರ್ಟ್ಸ್ ಎಂಬ ರೈತನು ಹೊರದೇಶಗಳಿಗೆ ಹೋಗಿ ನೋಡಿಬಂದು, 1972ರಲ್ಲಿ ಉಳುವುದನ್ನೇ ಬಿಟ್ಟು, ಹಿಂದಿನ ಪೈರಿನ ಹುಲ್ಲಿನ ನಡುವೆಯೇ ಬೀಜವನ್ನು ಬಿತ್ತಿದನು. 1979ರಲ್ಲಿ ಪೊಂಟಾ ಗ್ರೊಸ್ಸಾದ ರೈತರು ಇದೇ ಉದ್ದೇಶದಿಂದ ಕೂಟವನ್ನು ಕಟ್ಟಿ, ಅದಕ್ಕೆ ಎರೆಹುಳುವಿನ ಸಂಘವೆಂದು ಹೆಸರಿಟ್ಟರು. ಇದಕ್ಕಿಂತ ಉಚಿತವಾದ ಹೆಸರು ನನಗಂತೂ ತೋರದು.

ಪದ್ಧತಿಯು ಸೆರ್ರಾಡೋವಿಗೆ ಹಬ್ಬಿದಾಗ ಬೇರೊಂದು ತೊಡಕು ಎದುರಾಯಿತು. ಅಲ್ಲಿಯ ಸೆಕೆಗೂ ತೇವಕ್ಕೂ ಸೋಯಾ ಅವರೆಯ ಕಸವು ಕೆಲವೇ ತಿಂಗಳುಗಳಲ್ಲಿ ಕೊಳೆತು ಮಾಯವಾಗುವುದು. ಬೆಟ್ಟದ ಸೊಪ್ಪನ್ನು ಅಡಕೆಯ ತೋಟಕ್ಕೆ ವರುಷ ವರುಷವೂ ಹೊರುವ ನಮ್ಮ ಮಲೆನಾಡಿನವರಿಗೆ ಈ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಅಲ್ಲಿಯವರು ಮೆಕ್ಕೆಜೋಳದೊಡನೆ ಆಫ್ರಿಕ ಮೂಲದ ಬ್ರಾಕಿಯಾರಿಯಾ ಎಂಬ ಹುಲ್ಲನ್ನು ಬಿತ್ತತೊಡಗಿದರು. ತೆನೆಯನ್ನು ಕೊಯ್ದ ಮೇಲೆ ಹುಲ್ಲು ಉಳಿದು, ಮಳೆಯಿಲ್ಲದ ಕಾಲದಲ್ಲಿ ದನಗಳಿಗೆ ಮೇವಾಗಿ, ಮುಂದಿನ ಬಿತ್ತನೆಗೆ ನೆಲದ ಹೊದಿಕೆಯಾಗುವುದು. ಇಷ್ಟರಲ್ಲಿ ಸೆರ್ರಾಡೋವಿನ ಸಹಜವಾದ ಮರಗಿಡಗಳ ಹೆಚ್ಚುಕಡಿಮೆ ಅರ್ಧಭಾಗವು ಅಳಿದುಹೋಗಿರುವುದನ್ನೂ ಈ ಚರಿತ್ರೆಯ ಲೆಕ್ಕಕ್ಕೆ ಸೇರಿಸಬೇಕು.