ನಡೆದುದನ್ನು ಮತ್ತೆ ನಡೆಸುವುದು

ವಿಜಯದಶಮಿಯ ಸಂಜೆ ಕೊಲ್ಹಾಪುರದ ದಸರಾ ಚೌಕದಲ್ಲಿ ಸೀಮೋಲ್ಲಂಘನ ಜರುಗುತ್ತದೆ. ಛತ್ರಪತಿ ಮನೆತನದವರು ಶಮೀಪೂಜೆ ನೆರವೇರಿಸುತ್ತಾರೆ. ಪೂಜೆ ಮುಗಿದೊಡನೆ ನೆರೆದ ಜನ ಎಲೆಗಳನ್ನು ಬಂಗಾರವೆಂದು ಸೂರೆಗೊಳ್ಳುತ್ತಾರೆ. ಮರಾಠಿ ಬಾಂಧವರು ‘ಸೋನೆ’ ಎನ್ನುವ ಆ ಎಲೆಯನ್ನೇ ನಾವು ಬನ್ನಿಯೆಂದು ಹಿರಿಯರ ಕೈಗಿತ್ತು ಕಾಲಿಗೆರಗುತ್ತೇವೆ, ಬಂಗಾರದಂತೆ ಬಾಳೋಣವೆಂದು ಹಾರೈಸುತ್ತೇವೆ. ಮಳೆಗಾಲ ಮುಗಿದು ಹೊಳೆಗಳು ಇಳಿದಾಗ ಸೇನೆ ಗಡಿ ದಾಟಿ ದಂಡಯಾತ್ರೆಗೆ ಹೊರಡುತ್ತಿದ್ದ ಕಾಲದ ನೆನಪು ಇದು. ಕೊಲ್ಹಾಪುರ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ರಾಜಧನವನ್ನೂ ರಾಜಪದವಿಯ ಮನ್ನಣೆಯನ್ನೂ ಕೊನೆಗೊಳಿಸಿತು. ಇಂದು ದಂಡೂ ಇಲ್ಲ, ದಂಡು ದಾಟಬೇಕಾದ ಗಡಿಯೂ ಇಲ್ಲ. ಆದರೂ ಸೀಮೋಲ್ಲಂಘನ ನಿಂತಿಲ್ಲ. ನಡೆದುದನ್ನು ಮತ್ತೆ ನಡೆಸುವ ಈ ಪುನರಭಿನಯದಿಂದ ನಮಗೆ ದೊರೆಯುವುದೇನು? ನೂರು ವರ್ಷ ತುಂಬಿದ ಶಾಲೆಯೊಂದು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತ. ಉತ್ಸವದ ವೇದಿಕೆಯ ಮೇಲೆ ನಮ್ಮ ಮಕ್ಕಳೂ ಇತಿಹಾಸದ ವೇಷ ಧರಿಸುತ್ತಾರೆ.

ಈ ಆಚರಣೆಯೇ ಮತ್ತೊಂದರ ಪುನರಭಿನಯ. ಅಜ್ಞಾತವಾಸದ ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನಡಗಿಸಿದ ಕಥೆ ಅದರ ಬೇರು. ಹಂಪೆಯ ಅರಸರು ಮಹಾನವಮಿಯನ್ನು ವೈಭವದಿಂದ ಆಚರಿಸಿದರು. ಆ ಸಂಪ್ರದಾಯವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಚಿನ್ನದ ಅಂಬಾರಿಯಲ್ಲಿ ಒಂದು ಕಾಲಕ್ಕೆ ಮಹಾರಾಜರು ಕುಳಿತಿರುತ್ತಿದ್ದರು; ಇಂದು ಅಲ್ಲಿ ಚಾಮುಂಡೇಶ್ವರಿಯ ಮೂರ್ತಿಯಿದೆ. ಮೆರವಣಿಗೆಯ ರೂಪ ಉಳಿಯಿತು, ಅರ್ಥ ಬದಲಾಯಿತು. ಆದುದರಿಂದ ಆಚರಣೆಯನ್ನು ಕಂಡು ಹಿಂದೆಯೂ ಹೀಗೆಯೇ ಇತ್ತೆಂದು ನಿರ್ಣಯಿಸಲಾಗದು.

ಈ ಎಚ್ಚರವನ್ನು ನ್ಯಾಯಶಾಸ್ತ್ರ ಬಹು ಹಿಂದೆಯೇ ಕಲಿತಿದೆ. ಅಪರಾಧ ನಡೆದ ಸ್ಥಳಕ್ಕೆ ಆರೋಪಿಯನ್ನು ಕರೆದೊಯ್ದು, ಪಂಚರ ಸಮಕ್ಷಮದಲ್ಲಿ ಪಂಚನಾಮೆ ಮಾಡುವ ರೂಢಿಯನ್ನು ನಾವೆಲ್ಲ ಬಲ್ಲೆವು. ಆದರೆ ಪೊಲೀಸರ ಮುಂದೆ ನುಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲು 1872ರ ಸಾಕ್ಷ್ಯ ಅಧಿನಿಯಮ ಅವಕಾಶ ಕೊಡಲಿಲ್ಲ. ಅವನ ಮಾತಿನಿಂದ ಯಾವುದಾದರೂ ಸಂಗತಿ ನಿಜವಾಗಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಗ್ರಾಹ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಮಾಡಿ ತೋರಿಸಿದುದು ಎಷ್ಟೇ ಮನಮುಟ್ಟಲಿ, ನ್ಯಾಯಾಲಯ ಕೇಳುವುದು ಒಂದೇ: ಅಗೆದಾಗ ಏನು ಸಿಕ್ಕಿತು?

ಇತಿಹಾಸದ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಕೇಳಬೇಕು. ಆದರೆ ಅವನ ಕೆಲಸ ಅಲ್ಲಿಗೆ ಮುಗಿಯದು. ಗತಕಾಲದವರ ವಿಚಾರವನ್ನು ತನ್ನ ಮನಸ್ಸಿನಲ್ಲಿ ಮತ್ತೆ ವಿಚಾರಿಸುವುದೇ ಇತಿಹಾಸವೆಂದು ಇಂಗ್ಲೆಂಡಿನ ತತ್ತ್ವಜ್ಞ ಕಾಲಿಂಗ್‌ವುಡ್ ಪ್ರತಿಪಾದಿಸಿದರು. 1674ರ ಜೂನ್ 6ರಂದು ರಾಯಗಡದಲ್ಲಿ ಜರುಗಿದ ಶಿವಾಜಿ ಮಹಾರಾಜರ ರಾಜ್ಯಾಭಿಷೇಕವನ್ನು ಪ್ರತಿವರ್ಷ ಅಲ್ಲಿಯೇ ಸ್ಮರಿಸಲಾಗುತ್ತದೆ. ಸಿಂಹಾಸನ, ಛತ್ರ, ಜಯಘೋಷಗಳು ಕಣ್ಣು ತುಂಬುತ್ತವೆ. ಆದರೆ ಅಂದು ಮಹಾರಾಜರ ಕ್ಷತ್ರಿಯತ್ವವನ್ನೇ ಪ್ರಶ್ನಿಸಿದವರಿದ್ದರು. ಗಾಗಾಭಟ್ಟರು ಕಾಶಿಯಿಂದ ಬರಬೇಕಾಯಿತು. ಎರಡು ಶತಮಾನಗಳ ಬಳಿಕ, ಕಾಗಲದ ಘಾಟಗೆ ಮನೆತನದಿಂದ ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹು ಮಹಾರಾಜರೂ ವೇದೋಕ್ತ ಪ್ರಕರಣದಲ್ಲಿ ಅದೇ ಅವಮಾನವನ್ನುಂಡರು. ಸಿಂಹಾಸನವನ್ನು ವೇದಿಕೆಗೆ ತರುವುದು ಸುಲಭ. ಅದರ ಹಿಂದಿನ ನೋವನ್ನು ತರುವುದು ಕಷ್ಟ.

ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರ ಮೀಸಲಾತಿಯನ್ನು ಆಜ್ಞಾಪಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. 1920ರ ಮಾರ್ಚ್‌ನಲ್ಲಿ, ಆಗ ಕಾಗಲ ಜಹಗೀರಿಗೆ ಸೇರಿದ್ದ ಮಾಣಗಾವದ ಪರಿಷತ್ತಿನಲ್ಲಿ ತರುಣ ಅಂಬೇಡ್ಕರರನ್ನು ಶೋಷಿತರ ನಾಯಕರೆಂದು ಸಾರಿದರು. ಶಾಲಾ ನಾಟಕಕ್ಕೆ ಇವೆಲ್ಲಕ್ಕಿಂತ ಒಪ್ಪುವುದು ಗಂಗಾರಾಮ ಕಾಂಬಳೆಯವರ ಪ್ರಸಂಗ. ನೀರು ಮುಟ್ಟಿದರೆಂದು ಹೊಡೆತ ತಿಂದ ಆ ದಲಿತ ನೌಕರನಿಗೆ ಮಹಾರಾಜರು ಚಹದ ಅಂಗಡಿ ತೆರೆಯಲು ನೆರವಾದರು; ಗಿರಾಕಿಗಳು ಬಾರದಿದ್ದಾಗ ತಮ್ಮ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ತಾವೇ ಚಹ ಕುಡಿದರು, ಜೊತೆಯವರಿಗೂ ಕುಡಿಸಿದರು.

ಈ ಪ್ರಸಂಗವನ್ನಾಡುವಾಗ ಪೇಟ ಸುತ್ತಿ ಮಹಾರಾಜನಾಗಲು ಪ್ರತಿಯೊಂದು ಮಗುವೂ ಮುಂದೆ ಬರುತ್ತದೆ. ಹೊಡೆತ ತಿನ್ನುವ ಪಾತ್ರ ಯಾರದು? ಅದನ್ನು ಮಗುವಿನ ಮನೆತನ ನೋಡಿ ಹಂಚಿದರೆ, ಅಳಿಸಬೇಕಾದುದನ್ನು ನಾವೇ ವೇದಿಕೆಯ ಮೇಲೆ ಮತ್ತೆ ಬರೆದಂತಾಗುತ್ತದೆ. ಆದುದರಿಂದ ನಮ್ಮ ಶಾಲೆಯಲ್ಲಿ ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಒಂದು ತಾಲೀಮಿನಲ್ಲಿ ಮಹಾರಾಜನಾದವನು ಮುಂದಿನದರಲ್ಲಿ ಗಂಗಾರಾಮನಾಗುತ್ತಾನೆ. ಮೂರನೆಯದರಲ್ಲಿ ದೂರ ನಿಂತು ಚಹ ಬೇಡವೆನ್ನುವ ಗಿರಾಕಿಯಾಗುತ್ತಾನೆ. ಕೊನೆಯ ಪಾತ್ರವೇ ಕಠಿಣ. ಹಾಗೆ ಬೇಡವೆಂದವರ ಮನಸ್ಸಿನಲ್ಲಿ ಏನಿತ್ತೆಂದು ಮಗು ಕೇಳಿದ ದಿನ ಇತಿಹಾಸದ ಪಾಠ ಆರಂಭವಾಗುತ್ತದೆ.

ನಾವು ಮರಾಠಿ ನೆಲದ ಕನ್ನಡ ಶಾಲೆಯವರು. ದೂಧಗಂಗೆಯ ಈಚೆಗೂ ಆಚೆಗೂ ನಮ್ಮ ನಂಟರಿದ್ದಾರೆ. ಗಡಿಯನ್ನು ಕುರಿತು ಎರಡೂ ಕಡೆ ಜಯಘೋಷದ ಆಚರಣೆಗಳು ನಡೆಯುತ್ತವೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪಾತ್ರವನ್ನಷ್ಟೇ ಆಡುತ್ತಾರೆ. ಎದುರಿನವರ ಪಾತ್ರವನ್ನೂ ಒಮ್ಮೆ ಆಡಿ ನೋಡುವ ಅಭ್ಯಾಸವನ್ನು ನಮ್ಮ ಮಕ್ಕಳು ಇಲ್ಲಿಂದ ಕೊಂಡೊಯ್ಯಲಿ. ನಮ್ಮ ಕಾಲಕ್ಕೆ ಒಪ್ಪುವ ಸೀಮೋಲ್ಲಂಘನ ಅದೇ.