ಬೈಸಿಕಲ್ಲಿನ ಮೇಲೆ ಬಾರಕೂರಿನಿಂದ ಬೈಂದೂರಿಗೆ

ಬ್ರಹ್ಮಾವರದಿಂದ ಕುಂದಾಪುರದ ಮಾರ್ಗವಾಗಿ ಬೈಂದೂರಿಗೆ ಮೋಟಾರಿನಲ್ಲಿ ಹೋಗುವವರಿಗೆ ಹೆದ್ದಾರಿಯ ಪಯಣ ಸುಮಾರು ಒಂದು ಗಂಟೆಯದು. ಆ ಅವಧಿಯಲ್ಲಿ ಸೇತುವೆಗಳು, ತೆಂಗಿನ ತೋಟಗಳು, ಮರವಂತೆಯ ಕಡಲು ಒಂದಾದ ಮೇಲೊಂದು ಕಣ್ಣಿಗೆ ಬಿದ್ದು ಮರೆಯಾಗುತ್ತವೆ. ಚರಿತ್ರೆ ಮಾತ್ರ ಕಾಣಸಿಗುವುದಿಲ್ಲ. ಏಕೆಂದರೆ ಈ ನಾಡಿನ ಹಳೆಯ ಪಟ್ಟಣಗಳು ಆ ದಾರಿಯ ಮೇಲಿಲ್ಲ. ಬಾರಕೂರು, ಬಸರೂರು, ಹಟ್ಟಿಯಂಗಡಿ ಈ ಮೂರೂ ಕಡಲಿನಿಂದ ಕೆಲವು ಮೈಲು ಒಳಗೆ, ಹೊಳೆಗಳ ದಂಡೆಯಲ್ಲಿವೆ. ಹಡಗಿನ ವ್ಯಾಪಾರದಿಂದ ಬದುಕಿದ ಊರುಗಳು ಕಡಲನ್ನು ಬಿಟ್ಟು ಒಳನಾಡಿನಲ್ಲಿ ಏಕೆ ನಿಂತುವು? ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾವು ಒಂದು ಮಾರ್ಗಶಿರದಲ್ಲಿ ಎರಡು ದಿನ ಬೈಸಿಕಲ್ಲಿನ ಮೇಲೆ ಸಂಚರಿಸಿದೆವು.

ಬಾರಕೂರು ಸೀತಾನದಿಯ ಉತ್ತರ ದಂಡೆಯ ಊರು. ಆಳುಪರಿಗೆ ಇದು ರಾಜಧಾನಿ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಮುಖ್ಯ ಸ್ಥಳ. ಸುಮಾರು 1342 ರಲ್ಲಿ ಈ ತೀರವನ್ನು ಕಂಡ ಇಬ್ನ್ ಬತೂತ ಇದನ್ನು ಫಾಕನೂರೆಂದು ಕರೆದು, ಇಲ್ಲಿಯ ಅರಸನಿಗೆ ಮೂವತ್ತು ಯುದ್ಧನೌಕೆಗಳಿದ್ದುವೆಂದೂ, ಇಲ್ಲಿಯ ಕಬ್ಬಿಗೆ ಸಮಾನವಾದ ಕಬ್ಬು ಆ ನಾಡಿನಲ್ಲಿ ಬೇರೆಲ್ಲಿಯೂ ಇಲ್ಲವೆಂದೂ ಬರೆದಿದ್ದಾನೆ. ಈಗ ನೌಕೆಗಳಿಲ್ಲ, ಕೇರಿಗಳ ಹೆಸರುಗಳು ಉಳಿದಿವೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಬೈಸಿಕಲ್ಲು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಉರುಳುವಾಗ, ಇವೆಲ್ಲ ಒಂದು ಮಹಾನಗರದ ಬಿಡಿ ಅಂಗಗಳೆಂಬುದು ಮನಸ್ಸಿಗೆ ಬರುತ್ತದೆ. ಒಂದೊಂದು ಕೇರಿಗೂ ಅದರದೇ ದೇವಸ್ಥಾನ, ಅದರದೇ ಹಿರಿಯರ ಕೂಟ. ಆ ಕೂಟದವರನ್ನು ಶಾಸನಗಳು ‘ಹಲರು’ ಎಂದು ಕರೆಯುತ್ತವೆ. ಕತ್ತಲೆ ಬಸದಿಯ ಕಲ್ಲುಮಾಡಿನ ಕೆಳಗೆ ನಿಂತಾಗ ಹೊರಗಿನ ಗದ್ದೆಗಳಿಂದ ಕೊಕ್ಕರೆಗಳ ಸದ್ದು ಕೇಳುತ್ತಿತ್ತು.

ಬಾರಕೂರನ್ನು ಬಿಟ್ಟು ಸಾಯಿಬ್ರಕಟ್ಟೆ, ಶಿರಿಯಾರದ ಕಡೆಗೆ ಹೊರಟೊಡನೆ ಕಾಲುಗಳಿಗೆ ಪಾಠ ಆರಂಭವಾಯಿತು. ಮುರಕಲ್ಲಿನ ಗುಡ್ಡೆ ಏರಬೇಕು, ಇಳಿಯಬೇಕು, ಮತ್ತೆ ಏರಬೇಕು. ಈ ನಾಡಿನ ಒಕ್ಕಲಿಗನು ಭತ್ತದ ಭೂಮಿಯನ್ನು ಮೂರಾಗಿ ಹೇಳುತ್ತಾನೆ: ಬೈಲು, ಮಜಲು, ಬೆಟ್ಟು. ತಗ್ಗಿನಲ್ಲಿ ತೋಡಿನ ನೀರು ನಿಲ್ಲುವುದು ಬೈಲು. ಅಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯೂ ಸಾಧ್ಯ. ನಡುವಿನದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು, ಮಳೆಗಾಲದ ಒಂದೇ ಬೆಳೆ. 1801 ರಲ್ಲಿ ಕಂಪೆನಿಯ ಅಪ್ಪಣೆಯಿಂದ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕನನ್ ಕನ್ನಡ ಜಿಲ್ಲೆಯ ಈ ವಿಂಗಡಣೆಯನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಪುಸ್ತಕದಲ್ಲಿ ಓದಿದಾಗ ಅದು ಕಂದಾಯದ ಲೆಕ್ಕದಂತೆ ತೋರಿತ್ತು. ಬೈಸಿಕಲ್ಲಿನ ಮೇಲೆ ಅದು ಉಸಿರಿನ ಲೆಕ್ಕ. ಉಸಿರು ಕಟ್ಟಿ ಇಳಿದು ತಳ್ಳುವಲ್ಲಿ ಬೆಟ್ಟು. ಮತ್ತೆ ಏರಿ ಕುಳಿತು ಮೆಟ್ಟುವಲ್ಲಿ ಮಜಲು. ಮೆಟ್ಟದೆಯೇ ಗಾಲಿ ಉರುಳಿ ತಂಪುಗಾಳಿ ಮುಖಕ್ಕೆ ತಾಗುವಲ್ಲಿ ಬೈಲು. ಬೆಟ್ಟು ಒಣಗಿ ಕೂಳೆಯಾಗಿತ್ತು. ಬೈಲಿನಲ್ಲಿ ಸುಗ್ಗಿಯ ಪೈರು ಹಸುರಾಗಿತ್ತು.

ಬಿದ್ಕಲ್‌ಕಟ್ಟೆಯ ಮೇಲೆ ಬಸರೂರಿಗೆ ಬಂದಾಗ ಹೊತ್ತು ಇಳಿದಿತ್ತು. ವಾರಾಹಿಯ ದಂಡೆಯ ಈ ಊರಿನಿಂದ ಒಂದು ಕಾಲಕ್ಕೆ ಅಕ್ಕಿಯ ಮುಡಿಗಳು ಹಡಗು ಏರುತ್ತಿದ್ದುವು. ಗೋವೆಯ ಪೋರ್ಚುಗೀಸರಿಗೆ ಆ ಅಕ್ಕಿ ಇಲ್ಲದೆ ನಡೆಯುತ್ತಿರಲಿಲ್ಲ. 1569 ರಲ್ಲಿ ಅವರು ಇಲ್ಲಿ ಬಲದಿಂದ ಕಾಲೂರಿದರು. ಮುಂದಿನ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ತೀರದಿಂದ ಹೊರಡಿಸಿದನು. 1665 ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಇದೇ ಬಸರೂರನ್ನು ಸೂರೆಮಾಡಿದನು. ಮಹಾಲಿಂಗೇಶ್ವರನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ತುಳುವೇಶ್ವರನಿಗೆ ಮಾತ್ರ ಮರದ ಬೇರುಗಳೇ ಗೋಡೆಯಾಗಿವೆ.

ಮರುದಿನ ಕಂಡ್ಲೂರಿನಲ್ಲಿ ಹೊಳೆ ದಾಟಿ ಹಟ್ಟಿಯಂಗಡಿಗೆ ಹೋದೆವು. ಸಿದ್ಧಿವಿನಾಯಕನ ದರ್ಶನಕ್ಕೆ ಬರುವವರು ಅನೇಕರು. ಹೆಸರಿನಲ್ಲಿಯೇ ಇರುವ ಅಂಗಡಿಯನ್ನು ನೆನೆಯುವವರು ವಿರಳ. ಇಲ್ಲಿ ದಂಡೆಯ ಮೇಲೆ ಬೈಸಿಕಲ್ಲು ಒರಗಿಸಿ ಕುಳಿತಾಗ, ನಮ್ಮ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇದ್ದಿತು. ಭರತದ ನೀರು ಮೇಲಕ್ಕೆ ಬರುತ್ತಿತ್ತು. ಗುಡ್ಡೆಯಿಂದ ಗುಡ್ಡೆಗೆ ಹೊರೆ ಹೊತ್ತು ಸಾಗುವ ಕಷ್ಟವನ್ನು ಹಿಂದಿನ ದಿನವೇ ನಮ್ಮ ಮೊಣಕಾಲುಗಳು ತಿಳಿದಿದ್ದುವು. ಅಕ್ಕಿ ಕೆಳಗಿಳಿಯಬೇಕಾದರೆ ತೋಡು ಹೊಳೆಗಳೇ ದಾರಿ. ಬೈಲಿನ ಅಕ್ಕಿ ದೋಣಿಯಲ್ಲಿ ಇಳಿದು ಬರುವುದು. ಕಡಲ ಹಡಗು ಭರತದೊಡನೆ ಏರಿ ಬರುವುದು. ಇವೆರಡೂ ಕೂಡುವ ಸ್ಥಳದಲ್ಲಿ, ಬಿರುಗಾಳಿಗೂ ಕಡಲ್ಗಳ್ಳರಿಗೂ ಮರೆಯಾಗಿ ಪಟ್ಟಣ ಹುಟ್ಟಿತು. ಬಾರಕೂರಿನ ಅರಸನ ನೌಕೆಗಳ ಹಿಂದೆಯೂ, ಬಸರೂರಿನ ಸೆಟ್ಟಿಗಳ ಸಂಪತ್ತಿನ ಹಿಂದೆಯೂ ಈ ತಗ್ಗಿನ ಗದ್ದೆಗಳೇ ಇದ್ದುವು. ಹಡಗುಗಳು ದೊಡ್ಡವಾದುವು, ಹೊಳೆಗಳಲ್ಲಿ ಹೂಳು ತುಂಬಿತು; ಪಟ್ಟಣಗಳು ಮತ್ತೆ ಹಳ್ಳಿಗಳಾದುವು. ಆದರೆ ಗದ್ದೆ ಉಳಿಯಿತು.

ಈಗ ಆ ಗದ್ದೆಯ ಸರದಿ. 1974 ರ ಭೂಸುಧಾರಣೆಯಿಂದ ಗೇಣಿಯ ಒಕ್ಕಲು ಭೂಮಿಯ ಒಡೆಯನಾದನು. ತಲೆಮಾರುಗಳ ಋಣಭಾರ ಇಳಿಯಿತು. ಆ ಒಡೆಯರ ಮಕ್ಕಳು ಓದಿ, ಬೆಂಗಳೂರು ಮುಂಬಯಿಗಳ ದಾರಿ ಹಿಡಿದರು. ಅದು ತಪ್ಪೆಂದು ಪಟ್ಟಣವಾಸಿಗಳಾದ ನಾವು ಹೇಳಲಾರೆವು. ಹಟ್ಟಿಯಂಗಡಿಯ ಸಮೀಪದಲ್ಲಿ ಕಳೆ ಬೆಳೆದ ಬೈಲೊಂದನ್ನು ನೋಡುತ್ತ ನಿಂತಿದ್ದೆವು. ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ವೃದ್ಧರು ನಮ್ಮ ನೋಟವನ್ನು ಅರಿತು, “ಎಂತ ಮಾಡುದ್ ಹೇಳಿ? ನಟ್ಟಿ ಮಾಡುಕೆ ಜನವೇ ಇಲ್ಲೆ” ಎಂದರು. ಮೂರು ಬೆಳೆ ಕೊಡಬಲ್ಲ ನೆಲ ಹಡಿಲು ಬಿದ್ದಿತ್ತು. ಅದರ ಮಗ್ಗುಲಿನಲ್ಲಿ ಇನ್ನೊಂದು ಬೈಲಿಗೆ ಗುಡ್ಡೆಯ ಕೆಂಪುಮಣ್ಣು ತುಂಬಿ ಮನೆಯ ತಳಪಾಯ ಏಳುತ್ತಿತ್ತು. ಗುಡಿ ಬಿದ್ದರೆ ಕಲ್ಲು ಉಳಿಯುತ್ತದೆ, ಶಾಸನ ಓದುವವರೂ ಮುಂದೆ ಎಂದಾದರೂ ಬರಬಹುದು. ಮುಚ್ಚಿಹೋದ ಬೈಲಿನಲ್ಲಿ ಓದುವುದಕ್ಕೆ ಏನು ಉಳಿದೀತು? ಪಟ್ಟಣಗಳಿಗೆ ಅನ್ನವಿಟ್ಟ ಭೂಮಿಯ ಏರಿಳಿತವೇ ಅಲ್ಲಿ ಅಳಿದುಹೋಗುತ್ತದೆ.

ಮರವಂತೆಯಲ್ಲಿ ಹೆದ್ದಾರಿಯನ್ನು ಸೇರಿದೆವು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಸಮತಟ್ಟಾದ ದಾರಿ; ಬೈಂದೂರಿನ ಕಡೆಗೆ ಗಾಲಿಗಳು ಸಲೀಸಾಗಿ ಉರುಳಿದುವು. ಕಾಲಿಗೆ ಸುಖವಾಯಿತು, ನಿಜ. ಆದರೆ ನೆಲ ನಮ್ಮೊಡನೆ ಮಾತನಾಡುವುದನ್ನು ನಿಲ್ಲಿಸಿತ್ತು. ಈ ಸೀಮೆಯನ್ನು ನೋಡಬಯಸುವ ನಮ್ಮ ಶ್ರೋತೃಗಳು ಬಾರಕೂರಿನ ರೈಲು ನಿಲ್ದಾಣದಲ್ಲಿ ಇಳಿದು ಒಳದಾರಿಯನ್ನೇ ಹಿಡಿಯಲಿ. ಗುಡಿಗಳ ಮುಂದೆ ನಿಂತಷ್ಟೇ ಹೊತ್ತು ಬೈಲಿನ ಅಂಚಿನಲ್ಲಿಯೂ ನಿಲ್ಲಲಿ. ಏರಿನಲ್ಲಿ ಇಳಿದು ತಳ್ಳಬೇಕಾಗಿ ಬಂದರೆ ಬೇಸರಿಸದಿರಲಿ. ಬೆಟ್ಟು ಎಂಬ ಶಬ್ದದ ಅರ್ಥ ತಿಳಿಯುವುದು ಅಲ್ಲಿಯೇ.