ಟಂಕಸಾಲೆಯ ಬಾಗಿಲು ಮುಚ್ಚಿದ ದಿನ

ಹಣವು ವಿನಿಮಯದ ಸಾಧನ, ಮೌಲ್ಯದ ಅಳತೆಗೋಲು, ಮೌಲ್ಯದ ಸಂಚಯ ಎಂದು ಅರ್ಥಶಾಸ್ತ್ರದ ಪ್ರಾರಂಭಿಕ ಪಾಠಗಳು ಹೇಳುತ್ತವೆ. ಮೊದಲಿನೆರಡನ್ನು ವಿದ್ಯಾರ್ಥಿ ಸುಲಭವಾಗಿ ಒಪ್ಪುತ್ತಾನೆ. ಮೂರನೆಯದು ಎಷ್ಟು ನಾಜೂಕಿನದೆಂಬುದನ್ನರಿಯಲು ನಮ್ಮ ರೂಪಾಯಿಯ ಚರಿತ್ರೆಯಲ್ಲಿ ಒಂದು ದಿನವನ್ನು ನೋಡಿದರೆ ಸಾಕು. 1893ರ ಜೂನ್ 26ರಂದು ಕಲ್ಕತ್ತೆ, ಮುಂಬಯಿಗಳ ಟಂಕಸಾಲೆಗಳು ಸಾರ್ವಜನಿಕರು ತರುವ ಬೆಳ್ಳಿಗೆ ಬಾಗಿಲು ಮುಚ್ಚಿದುವು.

ಅದಕ್ಕೆ ಮೊದಲು ರೂಪಾಯಿಗೂ ಬೆಳ್ಳಿಗೂ ಭೇದವಿರಲಿಲ್ಲವೆನ್ನಬಹುದು. ಒಂದು ತೊಲ, ಅಂದರೆ 180 ಗ್ರೇನ್ ತೂಕ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಯಾರೇ ಆಗಲಿ ಬೆಳ್ಳಿಯನ್ನೊಯ್ದು, ಅಲ್ಪ ಶುಲ್ಕ ತೆತ್ತು, ನಾಣ್ಯವಾಗಿ ಪಡೆಯಬಹುದಾಗಿತ್ತು. ಆದುದರಿಂದ ಸುಗ್ಗಿಯ ಮಿಗತೆಯನ್ನು ಕಡಗವಾಗಿಯೋ ಡಾಬಾಗಿಯೋ ಮಾಡಿಸಿದ ರೈತನನ್ನು ಒಡವೆಯ ಮೋಹಿಯೆಂದು ಹಳಿಯುವುದು ಅನ್ಯಾಯ. ಅವನಿಗೆ ಗೊತ್ತಿದ್ದ ಬ್ಯಾಂಕು ಅದೊಂದೇ. 1876-78ರ ಮಹಾಕ್ಷಾಮದಲ್ಲಿ ಆ ಬ್ಯಾಂಕಿನ ಪರೀಕ್ಷೆಯಾಯಿತು. ಸಾಹುಕಾರರ ಕೈದಾಟಿ ಬಡವರ ಒಡವೆಗಳು ಮುಂಬಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಬಂದುವು. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಬದುಕುಳಿದವರಲ್ಲಿ ಎಷ್ಟು ಮಂದಿಯನ್ನು ಒಂದು ಜೊತೆ ಕಡಗ ಉಳಿಸಿತೋ!

ಬಾಗಿಲು ಮುಚ್ಚಿದುದೇಕೆ? 1871ರ ತರುವಾಯ ಜರ್ಮನಿ ಚಿನ್ನದ ನಾಣ್ಯಕ್ಕೆ ತಿರುಗಿ ತನ್ನ ಬೆಳ್ಳಿಯನ್ನು ಮಾರತೊಡಗಿತು. ಅಮೆರಿಕದ ನೆವಾಡಾ ಗಣಿಗಳು ಮತ್ತಷ್ಟು ಬೆಳ್ಳಿಯನ್ನು ಸುರಿದುವು. ಸುಮಾರು ಎರಡು ಶಿಲಿಂಗಿಗೆ ಸಮನಾಗಿದ್ದ ರೂಪಾಯಿ 1893ರ ವೇಳೆಗೆ 15 ಪೆನ್ನಿಗೆ ಬಂದು ನಿಂತಿತು. ಭಾರತ ಸರ್ಕಾರವಾದರೋ ಪಿಂಚಣಿ, ಸಾಲ-ರೈಲ್ವೆಗಳ ಬಡ್ಡಿ ಮೊದಲಾದುವನ್ನು ಲಂಡನ್ನಿನಲ್ಲಿ ಸ್ಟರ್ಲಿಂಗಿನಲ್ಲಿಯೇ ತೆರಬೇಕು. ಊರಿಗೆ ಹಣ ಕಳಿಸುವ ಆಂಗ್ಲ ಅಧಿಕಾರಿಗಳ ಗೊಣಗಾಟ ಬೇರೆ. ತೆರಿಗೆ ಹೆಚ್ಚಿಸಿದರೆ ಜನ ಕೆರಳಿಯಾರು. ಲಾರ್ಡ್ ಹರ್ಷೆಲ್ಲರ ಸಮಿತಿಯ ಒಪ್ಪಿಗೆಯಿಂದ ಸರ್ಕಾರ ಸದ್ದಿಲ್ಲದ ದಾರಿಯನ್ನು ಹಿಡಿಯಿತು: ನಾಣ್ಯವನ್ನು ವಿರಳಗೊಳಿಸಿದರೆ ಅದರ ಬೆಲೆ ತಾನಾಗಿಯೇ ಏರುವುದು.

ಏರಿತು. 1898ರ ಹೊತ್ತಿಗೆ ರೂಪಾಯಿಗೆ 16 ಪೆನ್ನಿಯಾಯಿತು. 1899ರಲ್ಲಿ ಒಂದು ಸವರನ್ನಿಗೆ 15 ರೂಪಾಯಿಯೆಂಬ ದರ ಶಾಸನಬದ್ಧವಾಯಿತು. ಬೆಳ್ಳಿಯ ಬೆಲೆ ಮಾತ್ರ ಇಳಿಯುತ್ತಲೇ ಇತ್ತು. ರೂಪಾಯಿಗೆ 16 ಆಣೆ, 16 ಪೆನ್ನಿ ಎಂದ ಮೇಲೆ ಆಣೆಯೊಂದು ಪೆನ್ನಿಗೆ ಸಮ. ರೂಪಾಯಿಯೊಳಗಿದ್ದ ಬೆಳ್ಳಿಯೋ ಹತ್ತು ಪೆನ್ನಿಯ ಆಸುಪಾಸಿನದು. 1899-1900ರ ಕ್ಷಾಮ ಮುಂಬಯಿ ಪ್ರಾಂತ, ರಾಜಪುತಾನಗಳನ್ನು ಹಿಂಡಿದಾಗ, ರೂಪಾಯಿ ತೂಕದ ಬೆಳ್ಳಿ ರೂಪಾಯಿಯಾಗಲಿಲ್ಲ, ಹತ್ತು ಹನ್ನೊಂದು ಆಣೆಯಾಯಿತು. ಕಳ್ಳ ನುಗ್ಗಲಿಲ್ಲ, ಜಪ್ತಿಯಾಗಲಿಲ್ಲ. ಉಳಿತಾಯದ ಮೂರನೆಯ ಒಂದು ಪಾಲು ಕರಗಿಹೋಗಿತ್ತು. ಟಂಕಸಾಲೆ ತೆರೆದೇ ಇದ್ದಿದ್ದರೆ ಧಾನ್ಯದ ಬೆಲೆಯೂ ಏರುತ್ತಿತ್ತೆಂದು ವಾದಿಸುವವರುಂಟು. ಇರಬಹುದು. ಆದರೆ ಕಂದಾಯವೂ ಸಾಲವೂ ರೂಪಾಯಿಯ ಲೆಕ್ಕದಲ್ಲಿದ್ದುವಲ್ಲವೆ? ಬೆಲೆಯೇರಿದ ರೂಪಾಯಿಯಿಂದ ತೆರಿಗೆಯ ಭಾರ ಮರೆಯಲ್ಲಿ ಹೆಚ್ಚಿತೆಂದು ದಾದಾಭಾಯಿ ನವರೋಜಿಯವರು 1898ರಲ್ಲಿಯೇ ಫೌಲರ್ ಸಮಿತಿಗೆ ಬರೆದು ಪ್ರತಿಭಟಿಸಿದರು. ಅವರ ಮಾತಿನಲ್ಲಿಯೇ ಹೆಚ್ಚು ನ್ಯಾಯವಿದೆಯೆಂದು ನನಗೆ ತೋರುತ್ತದೆ.

ಲಂಡನ್ನಿನಿಂದ ನೋಡಿದವರಿಗೆ ಚಿತ್ರ ಬೇರೆಯಾಗಿತ್ತು. ಇಂಡಿಯಾ ಆಫೀಸಿನಲ್ಲಿ ಕೆಲಸ ಮಾಡಿದ್ದ ತರುಣ ಕೇನ್ಸ್, 1913ರ ತನ್ನ ಮೊದಲ ಗ್ರಂಥದಲ್ಲಿ ಈ ವ್ಯವಸ್ಥೆಯನ್ನು ಮೆಚ್ಚಿಕೊಂಡನು: ಚಿನ್ನವನ್ನು ಜನರ ಕೈಗೆ ಕೊಡದೆಯೂ ನಾಣ್ಯಕ್ಕೆ ಚಿನ್ನದ ಸ್ಥಿರತೆ! ಹತ್ತು ವರ್ಷಗಳ ಬಳಿಕ ಅದಕ್ಕೆ ಎದುರುವಾದ ಹೂಡಿದವರು ಬಿ. ಆರ್. ಅಂಬೇಡ್ಕರ್. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಬಂಧ 1923ರಲ್ಲಿ ಲಂಡನ್ನಿನಲ್ಲಿಯೇ ಪುಸ್ತಕವಾಯಿತು. ವಿದೇಶೀ ವಿನಿಮಯದ ದರವೊಂದು ಸ್ಥಿರವಾಗಿದ್ದರೆ ಸಾಲದು, ಒಳನಾಡಿನ ಪೇಟೆಯಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಸ್ಥಿರವಾಗಿರಬೇಕು. ಸರ್ಕಾರ ತನ್ನಿಚ್ಛೆಯಂತೆ ನಾಣ್ಯ ಹೊರಡಿಸಬಲ್ಲ ವ್ಯವಸ್ಥೆಯಲ್ಲಿ ಅದಕ್ಕೆ ಭದ್ರತೆಯಿಲ್ಲ ಎಂಬುದು ಅವರ ವಾದದ ತಿರುಳು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಆ ಆಯೋಗ ಸೂಚಿಸಿದ ಕೇಂದ್ರ ಬ್ಯಾಂಕು ರಿಜರ್ವ್ ಬ್ಯಾಂಕಿನ ರೂಪದಲ್ಲಿ 1935ರ ಏಪ್ರಿಲ್ 1ರಂದು ಪ್ರಾರಂಭವಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ರೂಪಾಯಿ ಬರಿಯ ನಿಕ್ಕಲ್ಲಿನದಾಗಿತ್ತು.